‘ಬರೀಲಾ?’ ಎಂದು ಕೇಳುತ್ತಿದ್ದ ಆಪಾ

ಕಂಪ್ಯೂಟರ್ ಮುಂದೆ ಕೂತರೆ ಅವರ ಮೂಗು ಪರದೆಗೆ ತಾಗಿಯೇಬಿಟ್ಟಿತು ಅನ್ನಿಸುತ್ತಿತ್ತು. ಉಸಿರಿಗೆ ಗಾಜು ಮಬ್ಬಾದರೆ ದುಪಟ್ಟಾದ ತುದಿಯಿಂದ ಒರೆಸಿ ಮತ್ತೆ ಮೂಗು ತೂರಿಸುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣನ್ನು ತಿನ್ನುತ್ತಿತ್ತು. ಮದರಂಗಿ ಮಾಸಿದ ಬೆರಳುಗಳಿಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ಅಕ್ಷರ ಸವೆದು ಬೋಳಾದ ಕೀಬೋರ್ಡಿನ ಮೇಲೆ ಅವು ತಮ್ಮ ಪಾಡಿಗೆ ಓಡಾಡುತ್ತಿದ್ದವು.

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗದವರಿಗೆಲ್ಲ ಅವರು ಆಪಾ. ಅಂದರೆ ಅಕ್ಕ. ಈಗಿನ ಮಗ್ಗಗಳಿಗೆ ತೂತು ಹೊಡೆದ ರಟ್ಟು ಬೇಕಿಲ್ಲ. ಸೀರೆಯ ಡಿಸೈನು ಒಂದು ಫೈಲಾಗಿ ಪೆನ್‌ಡ್ರೈವಿನಲ್ಲಿ ಕೂತು ಮಗ್ಗಕ್ಕೆ ಹೋಗುತ್ತದೆ. ನಾವು ಗ್ರಾಫ್ ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಫೈಲು ಮಾಡಿಕೊಡುವುದು ಆಪಾ ಅಂಗಡಿಯ ಕೆಲಸ. ಕೆಟ್ಟ ಫೈಲನ್ನು ಬದುಕಿಸುವುದೂ ಅವರದೇ.

ಅದಕ್ಕೆ ಅವರು ಒಂದು ಕಪ್ಪು ಪರದೆ ತೆರೆಯುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ. ಫೈಲಿನ ಒಡಲಲ್ಲಿ ಇರುವುದೆಲ್ಲ ಅಂಕಿ, ಅಕ್ಷರಗಳ ಜೋಡಿಯಾಗಿ ಸಾಲುಸಾಲು ನಿಂತಿರುತ್ತಿತ್ತು. ಒಂದು ಕೀ ಕೆಳಗಿಳಿಸುತ್ತದೆ, ಒಂದು ಮೇಲೇರಿಸುತ್ತದೆ, ಇನ್ನೊಂದು ಹುಡುಕುತ್ತದೆ. ಅಲ್ಲಿ ಮೌಸಿಗೆ ಕೆಲಸವೇ ಇಲ್ಲ. “ಬಾಣದ ಗುರುತು ಎಲ್ಲೋಯ್ತು ಅಂತ ಹುಡುಕ್ತಾ ಕೂರಕ್ಕೆ ನನ್ಗೆ ಕಣ್ಣೆಲ್ಲೈತೆ? ಬೆರಳನ್ನ ಹುಡುಕ್ಬೇಕಾಗಿಲ್ಲ,” ಎನ್ನುತ್ತಿದ್ದರು. ತಿದ್ದಿದ್ದನ್ನು ಫೈಲಿಗೆ ಬರೆಯುವ ಕೀ ಒತ್ತುವ ಮೊದಲು ಮಾತ್ರ ಕೈ ಎತ್ತಿ, ಫೈಲು ಯಾರದೋ ಅವರ ಕಡೆ ತಿರುಗಿ “ಬರೀಲಾ?” ಎಂದು ಕೇಳುತ್ತಿದ್ದರು. ನಾವು “ಬರೀರಿ” ಎನ್ನುವವರೆಗೂ ಆ ಬೆರಳು ಗಾಳಿಯಲ್ಲೇ ಇರುತ್ತಿತ್ತು.

ನಮ್ಮಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವನ ಹಟ ಬೀಳಲಿಲ್ಲ. ಎಡಗೈಯಲ್ಲೇ ಗ್ರಾಫ್ ಹಾಳೆ ತುಂಬಿಸಿ ಒಂದು ಸೆರಗು ಬರೆದ, ಸಾಲಾಗಿ ನಿಂತ ನವಿಲುಗಳದ್ದು. ಬರೆದು ಮುಗಿಸುವಷ್ಟರಲ್ಲಿ ಆ ಕೈಯೂ ನಡುಗತೊಡಗಿತು. ಡಿಸೈನ್ ಕಳ್ಳತನಕ್ಕೆ ಹೆದರುವುದು ನಮ್ಮ ಕಸುಬಿಗೇ ಅಂಟಿದ ಜಾಡ್ಯ. ಫೈಲು ಕೈಗೆ ಬಂದ ಮೇಲೆ ಅಂಗಡಿಯ ಕಂಪ್ಯೂಟರಿನಿಂದ ಅದನ್ನು ಕಣ್ಣೆದುರೇ ಅಳಿಸಿಸುವುದು ಇಲ್ಲಿಯ ಪದ್ಧತಿ. ಅಪ್ಪ ಆಪಾ ಕೈಯಲ್ಲೂ ಅಳಿಸಿಸಿದ. ಮನೆಗೆ ಬಂದು ಗ್ರಾಫ್ ಹಾಳೆಯನ್ನು ಒಲೆಗೆ ಹಾಕಿದ.

ಸೀರೆಯ ಒಡಲು ನೇಯ್ದಾಗಿತ್ತು. ಸೆರಗು ಶುರುವಾಗಬೇಕಾದ ದಿನ ಅಪ್ಪ ಮಗ್ಗದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಾನು ಮಗ್ಗದ ಕಂಟ್ರೋಲ್ ಪೆಟ್ಟಿಗೆಯಲ್ಲೇ ಡಿಸೈನಿನ ಜೋಡಣೆ ಮಾಡಿ, ಇದ್ದ ಆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಉಳಿಸುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಮಗ್ಗ ಆ ಫೈಲನ್ನು ಓದಲೇ ಇಲ್ಲ. “ಯಾಕ್ ನಿಂತೈತೆ?” ಎಂದ ಅಪ್ಪ. “ಕರೆಂಟಿಲ್ಲ ಕಣಪ್ಪ,” ಎಂದೆ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಕತ್ತೆತ್ತಿ ನೋಡುವ ಮೊದಲೇ ಪೆನ್‌ಡ್ರೈವ್ ಹಿಡಿದುಕೊಂಡು ಹೊರಗೆ ಬಿದ್ದೆ.

“ಆಪಾ, ಒಂದ್ ಕಾಪಿ ಇಟ್ಕೊಂಡಿರ್ತೀರ ಅಲ್ವಾ? ನಾನ್ ಯಾರ್ಗೂ ಹೇಳಲ್ಲ,” ಎಂದು ಅಂಗಲಾಚಿದೆ.

“ಅಳಿಸ್ತೀನಿ ಅಂದ್ಮೇಲೆ ಅಳಿಸಿದೀನಿ. ನನ್ನನ್ನ ಏನಂದ್ಕೊಂಡಿದೀಯ?” ಮುಖ ಕೆಂಪಾಗಿತ್ತು. ಆಮೇಲೆ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. “ಕೂತ್ಕೋ. ಕಣ್ಣು ನಿಂದು, ಬೆರಳು ನಂದು.”

ಫೈಲಿನ ನಕಲು ಮಾಡಿಕೊಂಡು ಕಪ್ಪು ಪರದೆ ತೆರೆದರು. ಬರೀ ಸೊನ್ನೆ. ಕೀ ಒತ್ತಿದರು, ಸಾಲುಗಳು ಮೇಲಕ್ಕೆ ಸರಿದವು. “ಏನೈತೆ?” “ಸೊನ್ನೆ ಆಪಾ.” ಮತ್ತೆ ಒತ್ತಿದರು. “ಈಗ?” “ಸೊನ್ನೆನೇ.” ಕುರ್ಚಿಯಲ್ಲಿ ಕಾಯುತ್ತಿರುವ ಅಪ್ಪನಿಗೆ ಏನೆಂದು ಹೇಳಲಿ? ಸೊನ್ನೆಯ ಮೇಲೆ ಸೊನ್ನೆ ಹರಿಯುತ್ತಲೇ ಇತ್ತು. ಆಪಾ ತುಟಿ ಅಲುಗುತ್ತಿತ್ತು, ದುವಾ ಮಾಡುತ್ತಿದ್ದರೇನೋ. ಇದ್ದಕ್ಕಿದ್ದಂತೆ ಅಂಕಿಗಳ ನಡುವೆ ಅಕ್ಷರ ಕಂಡಿತು.

“ನಿಲ್ಸಿ, ನಿಲ್ಸಿ. ಏನೋ ಐತೆ.”

“ಹಂಗಾದ್ರೆ ತಲೆ ಮಾತ್ರ ಹೋಗೈತೆ, ಮೈ ಉಳ್ಕೊಂಡೈತೆ,” ಎಂದು ಆಪಾ ಬೆನ್ನು ನೆಟ್ಟಗೆ ಮಾಡಿದರು. ಡಿಸೈನಿನ ಅಗಲ ಎಷ್ಟು, ಉದ್ದ ಎಷ್ಟು ಎಂದು ಮಗ್ಗಕ್ಕೆ ಹೇಳುವ ಭಾಗ ಫೈಲಿನ ತಲೆಯಲ್ಲಿರುತ್ತದೆ. ಪೆನ್‌ಡ್ರೈವಿನಲ್ಲಿದ್ದ ನಮ್ಮದೇ ಇನ್ನೊಂದು ಹಳೆಯ ಫೈಲಿನ ತಲೆಯನ್ನು ಇದಕ್ಕೆ ಕೂರಿಸಿ, ನಮ್ಮ ಮಗ್ಗದಲ್ಲಿ ಎಳೆ ಎತ್ತುವ ಹುಕ್ಕುಗಳ ಲೆಕ್ಕ ಕೇಳಿ ಅಗಲ ತುಂಬಿದರು. ನಕಲನ್ನು ಚಿತ್ರವಾಗಿ ತೆರೆದರೆ ನವಿಲುಗಳೆಲ್ಲ ಓರೆಯಾಗಿ ಜಾರಿಹೋಗಿದ್ದವು.

“ಅಂಚಿಗೆ ನಿಮ್ಮಪ್ಪ ಒಂದಿಷ್ಟು ಹುಕ್ಕು ಖಾಲಿ ಬಿಟ್ಟಿದ್ರು. ಎಷ್ಟು ಅಂತ ನನ್ಗೆ ನೆಪ್ಪಿಲ್ಲ. ಕೇಳು.”

ಕೇಳಿದರೆ ಗುಟ್ಟು ಬಯಲು. ಬೇರೆ ದಾರಿಯಿರಲಿಲ್ಲ, ಫೋನ್ ಮಾಡಿದೆ. “ಅಪ್ಪಾ, ಅಂಚಿಗೆ ಎಷ್ಟು ಹುಕ್ಕು ಬಿಟ್ಟಿದ್ದೆ?” “ಫೈಲ್ ಹೋಯ್ತಾ?” ಎಂದ. “ಹೂಂ,” ಎಂದೆ. ತೊದಲುತ್ತಾ ಲೆಕ್ಕ ಹೇಳಿದ. ಇಡುವ ಮೊದಲು, “ಸಿಕ್ರೆ, ಈ ಸಲ ಒಂದ್ ಕಾಪಿ ಇಟ್ಕೊಳ್ಳಕ್ಕೆ ಹೇಳು ಆಪಾಗೆ,” ಎಂದ. ಸ್ವಂತ ತಮ್ಮನನ್ನೂ ಮಗ್ಗದ ಹತ್ತಿರ ಬಿಟ್ಟುಕೊಳ್ಳದ ಮನುಷ್ಯ ಅವನು.

ಅಗಲ ತಿದ್ದಿದ ಕೂಡಲೆ ನವಿಲುಗಳು ಎದ್ದು ನಿಂತವು. ಕೊನೆಯದರ ಕುತ್ತಿಗೆ ಮಾತ್ರ ಸೊಟ್ಟ. ಅಲ್ಲಿಗೆ ಬರುವಷ್ಟರಲ್ಲಿ ಅಪ್ಪನ ಎಡಗೈ ನಡುಗಿತ್ತು. “ಹೆಂಗೂ ತೆಗ್ದಿದೀರಲ್ಲ ಆಪಾ, ಅದನ್ನೂ ನೆಟ್ಟಗ್ ಮಾಡ್ಬಿಡಿ,” ಎಂದೆ.

“ಕರೆಂಟು ಕೆಡಿಸಿದ್ದನ್ನ ಸರಿ ಮಾಡ್ತೀನಿ ಕಣೇ. ನಿಮ್ಮಪ್ಪ ಮಾಡಿದ್ದನ್ನ ನಾನ್ಯಾಕೆ ಮುಟ್ಲಿ?” ಎಂದು ಬೆರಳೆತ್ತಿ ನನ್ನ ಕಡೆ ತಿರುಗಿದರು. “ಬರೀಲಾ?”

“ಬರೀರಿ,” ಎಂದೆ.

ಆ ಸಂಜೆ ಸೆರಗು ಇಷ್ಟಿಷ್ಟೇ ಇಳಿದು ಬಂತು. ಕೊನೆಯ ನವಿಲು ಕಂಡಾಗ ಅಪ್ಪ ಅದರ ಸೊಟ್ಟ ಕುತ್ತಿಗೆಯ ಮೇಲೆ ಎಡಗೈ ಇಟ್ಟು, “ಇದು ನಂದು,” ಎಂದ. ಅವನು ಮತ್ತೆ ಏನನ್ನೂ ಬರೆಯಲಿಲ್ಲ. ವರ್ಷ ತುಂಬುವ ಮೊದಲೇ ಹೋದ.

ಆಪಾಗೆ ಆಮೇಲೆ ಕಣ್ಣು ಪೂರ್ತಿ ಹೋಯಿತು. ಕಾಯಿಲೆ ಮೂತ್ರಪಿಂಡಕ್ಕೂ ಇಳಿದು ಹೋದ ವರ್ಷ ಅವರೂ ತೀರಿಕೊಂಡರು. ಮಯ್ಯತ್ತು ಹೊರಟಾಗ ಆ ಬೀದಿಯ ಹೆಂಗಸರ ಜೊತೆ ನಾನೂ ಬಾಗಿಲಲ್ಲಿ ನಿಂತು ಅತ್ತೆ.

ಈಗ ನನ್ನ ಫೈಲುಗಳು ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಅಂಗಡಿಗೆ ಹೋಗುತ್ತವೆ. ಮೊನ್ನೆ ಅಲ್ಲಿಯವರು ಅಪ್ಪನ ಸೆರಗನ್ನು ತೆರೆದು, ನಾನು ಕೇಳುವ ಮೊದಲೇ ಆ ನವಿಲಿನ ಕುತ್ತಿಗೆಯನ್ನು ನೆಟ್ಟಗೆ ಮಾಡಿ ತೋರಿಸಿದರು. ಚೆನ್ನಾಗಿಯೇ ಇತ್ತು. “ಸೇವ್ ಮಾಡ್ಲಾ ಮೇಡಂ?” ಎಂದರು.

“ಬೇಡ,” ಎಂದೆ.