ಸಮುದ್ರಕ್ಕೊಂದು ಅಚ್ಚು ಬೆಲ್ಲ

ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವವರು ಊರ ತುಂಬ ಇದ್ದಾರೆ. ಸಮುದ್ರಕ್ಕೆ ನೀರು ಹಾಕುತ್ತಿದ್ದವನು ಚಳ್ಳಕೆರೆಯಲ್ಲಿ ಬಹುಶಃ ನಾನೊಬ್ಬನೇ. ನಡುಮನೆಯ ಗೋಡೆಗೆ ಒತ್ತಿ ನಿಂತ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ನನ್ನ ಸಮುದ್ರವಿತ್ತು. ನಮ್ಮ ಸೀಮೆಯ ಬಿಸಿಲು ದಿನಕ್ಕೆ ಒಂದೆರಡು ಚೊಂಬಿನಷ್ಟು ಸಮುದ್ರವನ್ನು ಸದ್ದಿಲ್ಲದೆ ಕುಡಿದುಬಿಡುತ್ತಿತ್ತು. ಹಾಗೆ ಆರುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಇಳಿದಷ್ಟು ಜಾಗಕ್ಕೆ ಬರೀ ಸಿಹಿನೀರನ್ನೇ ತುಂಬಬೇಕು, ಇಲ್ಲವಾದರೆ ಸಮುದ್ರ ದಿನದಿಂದ ದಿನಕ್ಕೆ ಉಪ್ಪಿನಕಾಯಿಯ ಜಾಡಿಯಾಗುತ್ತದೆ. ಹಲ್ಲುಜ್ಜುವ ಮೊದಲೇ ಸಾಗರದ ಮಟ್ಟವನ್ನು ಸರಿಪಡಿಸುವ ಈ ಕಾರ್ಯದಲ್ಲಿ ಒಂದು ಬಗೆಯ ಜಗದೀಶ್ವರತ್ವವಿತ್ತು ಎಂಬುದನ್ನು ಮುಚ್ಚಿಡಲಾರೆ. ಜಗದೀಶ್ವರ ಮಾತ್ರ ಲುಂಗಿಯಲ್ಲಿದ್ದ.

ಈ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ, ಅದೂ ಹಲ್ಲುನೋವಿನ ಕೃಪೆಯಿಂದ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮೌಲ್ಯಮಾಪನಕ್ಕೆಂದು ಹೋದವನು ದವಡೆ ಹಿಡಿದುಕೊಂಡು ದಂತವೈದ್ಯರೊಬ್ಬರ ಕೋಣೆಯ ಹೊರಗೆ ಕುಳಿತಿದ್ದೆ. ಎದುರಿಗೊಂದು ತೊಟ್ಟಿ, ಒಳಗೆ ಬೆಳಕಿಗೆ ಅರಳಿ ನಿಂತ ಹವಳ, ಅದರ ಸಂದಿನಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಮೀನು. ವಿಜ್ಞಾನದ ಮೇಷ್ಟ್ರಾದ ನಾನು ಹವಳವೆಂಬುದು ಪ್ರಾಣಿಯೇ ಹೊರತು ಸಸ್ಯವಲ್ಲವೆಂದು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ವರ್ಷವರ್ಷವೂ ಒದರಿದ್ದೆ. ಜೀವಂತ ಹವಳವನ್ನು ಕಂಡದ್ದು ಅಂದೇ ಮೊದಲು. ಒಳಗಿನಿಂದ ನನ್ನ ಹೆಸರು ಕೂಗಿದಾಗ ಯಾವ ಹಲ್ಲು ನೋಯುತ್ತಿತ್ತೆಂಬುದೇ ಮರೆತುಹೋಗಿತ್ತು.

ಹಲ್ಲುನೋವಷ್ಟೇ ಕಾರಣವಲ್ಲ, ಬಿಡಿ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೆ. ಮದುವೆಯಾಗಲಿಲ್ಲ, ಯಾಕಾಗಲಿಲ್ಲ ಎಂದು ಕೇಳುವವರಿಗೆ ಹೇಳಲು ಒಂದು ಭಗ್ನಪ್ರೇಮದ ಕಥೆಯಾದರೂ ಇದ್ದಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ. ಬೆಳಿಗ್ಗೆ ಬಸ್ಸು ಹಿಡಿದು, ತಳಕು ದಾಟಿ ಮೊಳಕಾಲ್ಮೂರಿಗೆ ಹೋಗಿ, ದಿನವಿಡೀ ಗಂಟಲು ಹರಿದುಕೊಂಡು, ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಇಟ್ಟ ವಸ್ತು ಇಟ್ಟಲ್ಲೇ ಸಿಗುವ ಮನೆ ಎಂದು ಸಂಸಾರಸ್ಥ ಮಿತ್ರರು ಅಸೂಯೆಪಡುತ್ತಿದ್ದರು. ನಾನೋ ಚಪ್ಪಲಿ ಬಿಡುವ ಮೊದಲೇ ಆ ಲೋಟವನ್ನು ಎತ್ತಿ ಬೇರೆಡೆ ಇಡುತ್ತಿದ್ದೆ. ಮನೆಯಲ್ಲಿ ಅಲುಗಾಡುವಂಥದ್ದು ಏನಾದರೊಂದು ಬೇಕಿತ್ತು.

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನು ತೊಟ್ಟಿ ಮಾಡಿಕೊಟ್ಟ. ಸಮುದ್ರದ ಉಪ್ಪಿನ ಪುಡಿ ಬೆಂಗಳೂರಿನಿಂದ ಬಸ್ಸಿನಲ್ಲಿ ಮೂಟೆಯಾಗಿ ಬಂತು. ನಮ್ಮ ಬೋರಿನ ನೀರು ಹವಳಕ್ಕೆ ಒಗ್ಗದ ಗಡಸುನೀರಾದ್ದರಿಂದ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಕ್ಯಾನುಗಟ್ಟಲೆ ತರಬೇಕಾಯಿತು. ಬ್ಯಾಟರಿ ಅಂಗಡಿಯ ಸಾಬರು ಮೂರನೆಯ ಸಲಕ್ಕೆ ತಡೆಯಲಾರದೆ, “ಏನ್ ಸಾರ್, ಮನೇಲಿ ಎಷ್ಟ್ ಲಾರಿ ಇಟ್ಟೀರಿ?” ಎಂದು ಕೇಳಿಯೇಬಿಟ್ಟರು. ಇಷ್ಟಾದರೂ ಮೀನು ಬಿಡುವಂತಿಲ್ಲ. ಸಮುದ್ರದಿಂದ ಬಂದ ರಂಧ್ರಮಯವಾದ ಕಲ್ಲುಗಳನ್ನು ಇಳಿಬಿಟ್ಟು, ಕೊಳಕನ್ನು ಅರಗಿಸಬಲ್ಲ ಸೂಕ್ಷ್ಮಜೀವಿಗಳು ಅವುಗಳೊಳಗೆ ನೆಲೆಗೊಳ್ಳುವವರೆಗೆ ವಾರಗಟ್ಟಲೆ ಕಾಯಬೇಕು. ಆ ವಾರಗಳಲ್ಲಿ ನನ್ನ ಮನೆಗೆ ಬಂದು ನೋಡಿದವರಿಗೆ ಕಂಡದ್ದು ದೀಪದ ಕೆಳಗೆ ನೀರಲ್ಲಿ ಕುಳಿತ ಕಲ್ಲು, ಅದನ್ನೇ ನೋಡುತ್ತ ಕುಳಿತ ಮೇಷ್ಟ್ರು.

ನೋಡಿದವರೆಂದರೆ ಮುಖ್ಯವಾಗಿ ಪಕ್ಕದ ಮನೆಯ ತಿಪ್ಪಮ್ಮ. ಕೊಂಡ್ಲಹಳ್ಳಿ ಕಡೆಯವಳು, ಎಣ್ಣೆ ಮಿಲ್ಲುಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿ, ಈಗ ಮಗ ಸೊಸೆಯ ಜೊತೆಗಿದ್ದು ಮನೆಯಲ್ಲೇ ಕಡಲೆಕಾಯಿ ಸುಲಿದುಕೊಡುತ್ತಿದ್ದಳು. ಕಲ್ಲುಗಳನ್ನು ಕಂಡು ಅವಳು ಗಲ್ಲಕ್ಕೆ ಕೈಯಿಟ್ಟು, “ಅಯ್ಯೋ ಮೇಷ್ಟ್ರೇ, ನಮ್ ಸೀಮೇಲಿ ಕಲ್ಲಿಗೂ ಬರ ಬಂತಾ? ದುಡ್ ಕೊಟ್ ತಂದೀರಲ್ಲ!” ಎಂದಿದ್ದಳು. ಆಮೇಲೆ ಮೆತ್ತನೆಯ ಹವಳ ಬಂತು; ತೊಟ್ಟಿಯಲ್ಲೇ ಬೆಳೆಸಿದ್ದು, ಸಮುದ್ರದಿಂದ ಕಿತ್ತದ್ದಲ್ಲ ಎಂದು ಅಂಗಡಿಯವನು ಆಣೆ ಮಾಡಿದ್ದ. ಪಟ್ಟೆಮೀನಿನ ಜೋಡಿಯನ್ನೂ ತಂದೆ. ಒಂದು ಬಸ್ಸಿನಲ್ಲೇ ಪ್ರಾಣ ಬಿಟ್ಟಿತು; ಇನ್ನೊಂದು ಬದುಕಿ, ಕಲ್ಲಿನ ಸಂದಿಯೊಂದನ್ನು ಮನೆ ಮಾಡಿಕೊಂಡು, ಒಂಟಿಯಾಗಿ ಈಜತೊಡಗಿತು.

ಕರೆಂಟು ಹೋದಾಗ ತೊಟ್ಟಿಯ ನೀರಿಗೆ ಗುಳ್ಳೆಯೂಡುವ ಬ್ಯಾಟರಿಯ ಗಾಳಿಯಂತ್ರವನ್ನು ಹಾಕುವುದಕ್ಕೆಂದು ನಾನು ತಿಪ್ಪಮ್ಮನ ಕೈಗೆ ಮನೆಯ ಬೀಗದ ಕೈಯನ್ನು ಕೊಟ್ಟೆ. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇರುವುದೇ ಸುದ್ದಿ. ಹಾಗಾಗಿ ದಿನವೂ ಅವಳ ಸವಾರಿ ಚಿತ್ತೈಸುತ್ತಿತ್ತು. ಬಂದವಳು ಸುಮ್ಮನೆ ಹೋಗದೆ ತೊಟ್ಟಿಯ ಮುಂದೆ ಕುಳಿತು ಮೀನಿನೊಡನೆ ಹರಟುತ್ತಿದ್ದಳಂತೆ. ಸಂಜೆ ನಾನು ಬಂದರೆ ಬಾಗಿಲಲ್ಲೇ ವರದಿ: “ಇವತ್ತು ಯಾಕೋ ಸಪ್ಪಗಿತ್ತು. ಒಂದೇ ಐತಲ್ಲ, ಅದ್ಕೂ ಬ್ಯಾಸರ ಆಗ್ತೈತೆ.” ಹೀಗೆ ಹೇಳುವಾಗ ಅವಳ ಕಣ್ಣು ಮೀನಿನ ಮೇಲಿರುತ್ತಿರಲಿಲ್ಲ, ನನ್ನ ಮೇಲಿರುತ್ತಿತ್ತು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಆದರೂ ದಿನದಲ್ಲಿ ನನಗಾಗಿಯೇ ಯಾರಾದರೂ ಆಡುತ್ತಿದ್ದ ಮಾತೆಂದರೆ ಅವಳ ಆ ವರದಿ ಮಾತ್ರ. ಅದಕ್ಕಾಗಿ ನಾನು ತಳಕು ದಾಟಿದಾಗಿನಿಂದಲೇ ಕಾಯುತ್ತಿದ್ದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಸಮುದ್ರ ಮಜ್ಜಿಗೆಯಾಗಿದೆ. ಹಿಂದಿನ ದಿನವೇ ಸ್ವಲ್ಪ ಮಬ್ಬಾಗಿತ್ತು, ಗಾಜು ಒರೆಸಿ ಸುಮ್ಮನಾಗಿದ್ದೆ. ಈಗ ಹವಳ ಮುದುಡಿಕೊಂಡಿತ್ತು. ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಅಷ್ಟರಲ್ಲಿ ಬಂದ ತಿಪ್ಪಮ್ಮನನ್ನು, “ಇದರೊಳಗೆ ಏನಾದ್ರೂ ಬಿತ್ತಾ?” ಎಂದು ಕೇಳಿದೆ.

“ಬೀಳ್ಲಿಲ್ಲ ಸಾಮಿ, ನಾನೇ ಹಾಕ್ದೆ. ಒಂದಚ್ಚು ಬೆಲ್ಲ. ಹರಕೆ ಇತ್ತು.”

ಮೈಮೇಲೆ ನರುಲಿ ಎದ್ದವರು ದೇವರ ಹೊಂಡಕ್ಕೆ ಉಪ್ಪು, ಬೆಲ್ಲ ಹಾಕುವುದನ್ನು ನೀವೂ ಕಂಡಿರಬಹುದು. ನೀರಿನಲ್ಲಿ ಅವು ಕರಗಿದ ಹಾಗೆ ನರುಲಿಯೂ ಕರಗಲಿ ಎಂಬ ನಂಬಿಕೆ. “ಉಪ್ಪು ಹೆಂಗೂ ನೀವೇ ಹಾಕೀರಿ. ಬೆಲ್ಲ ಒಂದೇ ಬಾಕಿ ಇತ್ತು,” ಎಂದು ಅವಳು ಸಹಜವಾಗಿ ವಿವರಿಸಿದಳು. ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಬೇರೊಬ್ಬರ ತೊಟ್ಟಿಯಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಬೆಲ್ಲ ತಿಂದ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಹೀರಿಬಿಟ್ಟಿದ್ದವು. ಇದನ್ನು ನಾನು ಸರಳಗನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಯಂತ್ರದ ನಾಲ್ಕು ಗುಳ್ಳೆ ಯಾವ ಮೂಲೆಗೂ ಸಾಲದು.

“ನೀರಿಗೆ ಗಾಳಿ ಬೇಕು, ತಿಪ್ಪಮ್ಮ. ಎತ್ತಿ ಎತ್ತಿ ಹುಯ್ಯಬೇಕು,” ಎಂದು ನಾನು ಚೊಂಬು ಹಿಡಿದೆ. ಅವಳು ಮುಖ ಬಿಳಿಚಿಕೊಂಡು ಬೀದಿಗೆ ಓಡಿದಳು. “ಬರ್ರೋ ಯಾರಾರ! ಮೇಷ್ಟ್ರ ಮೀನಿಗೆ ಉಸ್ರು ಕಟ್ಟೈತೆ!”

ಬಂದರು, ಮಾರಾಯರೆ, ಇಡೀ ಬೀದಿಯೇ ಬಂತು. ಕೆಲವರು ಸಹಾಯಕ್ಕೆ, ಕೆಲವರು ತಮಾಷೆಗೆ. ಒಳಗೆ ಬಂದ ಮೇಲೆ ಎಲ್ಲರ ಕೈಗೂ ಒಂದೊಂದು ಚೊಂಬು. ಬಿಸಿ ಹಾಲು ಆರಿಸುವ ಹಾಗೆ ಸಮುದ್ರವನ್ನು ಮೊಗೆದು ಮೇಲಿನಿಂದ ಹುಯ್ಯುವುದು, ಕೈ ಸೋತವರು ಪಕ್ಕದವರಿಗೆ ದಾಟಿಸುವುದು. ಮೂಲೆಯ ಹೋಟೆಲಿನ ಬಸಣ್ಣ ಟೀಯನ್ನು ಮಾರುದ್ದ ಎಳೆಯುವ ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದ. “ಸಕ್ರೆ ಜಾಸ್ತಿ ಆಗೈತೆ ಇದ್ಕೆ,” ಎಂದು ರುಚಿ ನೋಡಿದವನಂತೆ ತೀರ್ಪನ್ನೂ ಕೊಟ್ಟ. ನಾನು ಡ್ರಮ್ಮಿನಲ್ಲಿ ಹೊಸ ಉಪ್ಪುನೀರು ಕಲಸಿ, ಹಳೆಯದನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋದೆ. ಯಾರೋ ಮಂಡಕ್ಕಿ, ಮೆಣಸಿನಕಾಯಿ ತಂದರು. ಯಾರೋ ನನ್ನ ಅಡುಗೆಮನೆಗೆ ನುಗ್ಗಿ ಚಾ ಕಾಸಿದರು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕುಳಿತು, ಮೀನನ್ನು ಮರೆತು, ಯಾರದೋ ಮಗಳ ನಿಶ್ಚಿತಾರ್ಥ, ಶೇಂಗಾದ ರೇಟು, ಮೊಳಕಾಲ್ಮೂರಿನಲ್ಲಿ ಯಾರೋ ತೆಗೆದ ಸೀರೆಯ ಬಣ್ಣ ಎಂದೆಲ್ಲ ಮಾತಿಗೆ ಬಿದ್ದರು. ಚೊಂಬು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ಸಂಜೆಗೆ ಕರೆಂಟು ಬಂತು. ಮೀನು ನಿಧಾನವಾಗಿ ಕೆಳಗಿಳಿದು ತನ್ನ ಸಂದಿಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿ, ಚಪ್ಪಲಿ ಹುಡುಕಿಕೊಂಡು ಹೊರಟರು. ಬಾಗಿಲು ಮುಂದೆ ಮಾಡಿ ಒಳಗೆ ಬಂದೆ. ಮನೆ ಬಿಕೋ ಎನ್ನುತ್ತಿತ್ತು. ಅಷ್ಟು ವರ್ಷ ಒಬ್ಬನೇ ಇದ್ದ ಮನೆ ಅಂದಿನಷ್ಟು ಖಾಲಿಯಾಗಿ ಎಂದೂ ಕಂಡಿರಲಿಲ್ಲ. ನನಗೆ ಅಳು ಬಂತು.

ಮಾರನೆಯ ದಿನ ತಿಪ್ಪಮ್ಮ ಬರಲಿಲ್ಲ. ಬಂದದ್ದು ಅವಳ ಸೊಸೆ, ಬೀಗದ ಕೈಯನ್ನು ಹಿಂದಿರುಗಿಸಲು. “ನಮ್ಮತ್ತೆಗೆ ಇನ್ಮ್ಯಾಕೆ ಇದು ಬ್ಯಾಡ ಸಾರ್. ನಮ್ಮನೆಯೋರು ಚೆನ್ನಾಗಿ ಬೈದವ್ರೆ. ಮುಖ ತೋರ್ಸಕ್ಕೆ ನಾಚ್ಕೆ ಅಂತಾಳೆ.” ಹೊರಟವಳು ತಿರುಗಿ ನಿಂತು, “ಕೆಟ್ಟ ಮನ್ಸಿಂದ ಹಾಕ್ಲಿಲ್ಲ ಸಾರ್. ಮೇಷ್ಟ್ರ ಮನೇಗೆ ಯಾರೂ ಬರಲ್ಲ, ಬೆಲ್ಲ ಕರಗ್ದಂಗೆ ಅವ್ರ ಬ್ಯಾಸರಾನೂ ಕರಗ್ಲಿ, ನಾಕು ಜನ ಬಂದು ಹೋಗೋ ಹಂಗಾಗ್ಲಿ ಅಂತ ಹರಸ್ಕೊಂಡಿದ್ಲು,” ಎಂದಳು.

ನಾಲ್ಕೇನು, ಬೀದಿಗೆ ಬೀದಿಯೇ ಬಂದು ಹೋಗಿತ್ತಲ್ಲ! ಇಷ್ಟು ಬೇಗ ಫಲ ಕೊಟ್ಟ ಹರಕೆಯನ್ನು ನಾನಂತೂ ಕೇಳಿಲ್ಲ. ಆದರೆ ಹರಸಿಕೊಂಡವಳೇ ಬರುವುದನ್ನು ನಿಲ್ಲಿಸಿದ್ದಳು. ತೊಟ್ಟಿಯ ನೀರು ಕ್ರಮೇಣ ತಿಳಿಯಾಯಿತು, ಹವಳ ಮತ್ತೆ ಅರಳಿತು. ಸಂಜೆ ವರದಿ ಹೇಳಲು ಮಾತ್ರ ಯಾರೂ ಇರಲಿಲ್ಲ. ಚೊಂಬಿನಿಂದ ಸಿಹಿನೀರು ಎರೆಯುವಾಗಲೆಲ್ಲ ನನಗೆ ನನ್ನದೇ ಯೋಚನೆ. ಒಬ್ಬನೇ ಇರುವವನ ಮನಸ್ಸಿನಲ್ಲಿಯೂ ಆರಿಹೋಗುವುದು ಸಿಹಿನೀರೇ, ತಳದಲ್ಲಿ ಉಳಿಯುವುದು ಉಪ್ಪು. ಅದಕ್ಕೆ ದಿನಕ್ಕೊಂದು ಚೊಂಬು ಹಾಕುತ್ತಿದ್ದವಳನ್ನು ನಾನು ಗಾಳಿಯಂತ್ರದ ಕೆಲಸಕ್ಕೆ ಬರುವವಳೆಂದೇ ತಿಳಿದಿದ್ದೆ.

ಒಂದು ಸಂಜೆ ಬಸ್ಸಿಳಿದವನು ನನ್ನ ಬಾಗಿಲನ್ನು ದಾಟಿ ಅವಳ ಬಾಗಿಲಿಗೆ ಹೋದೆ. ನಡುವೆ ಒಂದೇ ಗೋಡೆ. ಆದರೂ ಆ ಹೊಸಿಲನ್ನು ನಾನು ಎಂದೂ ತುಳಿದಿರಲಿಲ್ಲ. ನೆಪಕ್ಕೆಂದು ಬೀಗದ ಕೈ ಜೇಬಿನಲ್ಲಿತ್ತು, ಅದನ್ನು ತೆಗೆಯಲಿಲ್ಲ. ಮೊರದ ಮುಂದೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ ತಿಪ್ಪಮ್ಮ ನನ್ನನ್ನು ಕಂಡು ಗಾಬರಿಯಿಂದ ಎದ್ದಳು.

“ಮೀನು ಹೋತಾ ಮೇಷ್ಟ್ರೇ?”

“ಇಲ್ಲ, ಚೆನ್ನಾಗೈತೆ.”

“ಕರೆಂಟು ಹೋತಾ?”

“ಇಲ್ಲ.”

“ಮತ್ತೇನ್ ಬೇಕಾಗಿತ್ತು?”

“ಏನೂ ಬೇಡ ತಿಪ್ಪಮ್ಮ,” ಎಂದೆ. “ಸುಮ್ನೆ ಬಂದೆ.”

ಅವಳು ಸೆರಗಿನಿಂದ ನೆಲವನ್ನು ಒರೆಸಿ, “ಸುಮ್ನೆ ಬರಾಕೆ ಇಷ್ಟು ವರ್ಷ ಬೇಕಾತಾ? ಕುಂತ್ಕಳಿ,” ಎಂದು ಮೊರವನ್ನು ನಮ್ಮಿಬ್ಬರ ನಡುವೆ ಎಳೆದಳು. ನಾನು ಕುಳಿತೆ. ಕತ್ತಲಾಗುವವರೆಗೂ ಸುಲಿದೆವು.