ಯಾರ ಕೈಗೆ ಹಗ್ಗ ಕೊಟ್ಟರೂ

ನನಗೆ ದನಗಳೆಂದರೆ ಅಷ್ಟಕ್ಕಷ್ಟೇ. ಅಪ್ಪ ಬಾರಾಮತಿ ಹತ್ತಿರದ ಒಂದು ತೋಟದಲ್ಲಿ ಮಾಲಕರ ದನ ನೋಡಿಕೊಂಡಿದ್ದ. ನಾನು ಪುಣೆಯ ಕೋಥರೂಡದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ರವಿವಾರ ಬಸ್ಸು ಹಿಡಿದು ಹೋಗಿ, ಅವನ ಬಟ್ಟೆ ಒಗೆದು, ರೊಟ್ಟಿ ಬಡಿದಿಟ್ಟು, ಮನಸಾರೆ ಬೈದು ಬರುತ್ತಿದ್ದೆ. ಬೈಯಲು ಕಾರಣವೂ ಇತ್ತು. ಅವ್ವ ತೀರಿಕೊಂಡ ಮೇಲೆ ಅವನು ಮನುಷ್ಯರ ಹತ್ತಿರ ಮಾತೇ ಬಿಟ್ಟಿದ್ದ. ಇದ್ದಬದ್ದ ಮಾತೆಲ್ಲ ಒಂದು ಹೋರಿಯ ಜೊತೆ.

ಹುಟ್ಟಿದಾಗ ಆ ಹೋರಿಯನ್ನು ಅದರ ತಾಯಿ ಹತ್ತಿರವೇ ಸೇರಿಸಿರಲಿಲ್ಲ. ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕೌದಿ ಹೊದಿಸಿ ಉಳಿಸಿಕೊಂಡಿದ್ದಳು. ಬೀಜ ಒಡೆಸಿ ಎತ್ತು ಮಾಡಿದ ಮೇಲೂ ಅಪ್ಪನ ಬಾಯಲ್ಲಿ ಅದು ಹೋರಿಯೇ. ಬಿಳಿ ಮೈ, ಹಿಂದಕ್ಕೆ ಬಾಗಿದ ಕೋಡು, ಕಾಡಿಗೆ ಹಚ್ಚಿದಂಥ ಕಣ್ಣು. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ತೋಟಕ್ಕೆ ಟ್ರ್ಯಾಕ್ಟರ್ ಬಂದಿತ್ತು. ಇನ್ನು ಎತ್ತು ಯಾಕೆ, ಮಾರಿಬಿಡುತ್ತೇನೆ ಎಂದರು ಮಾಲಕರು. ಅಪ್ಪ ಊಟ ಬಿಟ್ಟು ಅವರ ಅಂಗಳದಲ್ಲಿ ಕೂತುಬಿಟ್ಟ. ಕೊನೆಗೆ ಅವರು, ಕೃಷಿ ಪ್ರದರ್ಶನಕ್ಕೆ ಇದನ್ನು ತಯಾರು ಮಾಡು, ಮೊದಲ ನಂಬರ್ ಬಂದರೆ ಮಾರುವುದಿಲ್ಲ, ನನ್ನ ಬಾಗಿಲಿಗೇ ಶೋಭೆ ಎಂದು ಮಾತು ಕೊಟ್ಟರು. ಅಪ್ಪ ಅದನ್ನು ದೇವರ ಮಾತೆಂದು ನಂಬಿದ.

ಆಮೇಲೆ ಅವನಿಗೆ ಹಗಲೆಲ್ಲ ಅದೇ ಕೆಲಸ. ಹುರುಳಿ ನುಚ್ಚು ಬೇಯಿಸಿ ಉಂಡೆ ಕಟ್ಟಿ ತಿನ್ನಿಸುವುದು, ಮೈ ತಿಕ್ಕಿ ತೊಳೆಯುವುದು, ಕೋಡು ಹೆರೆದು ಎಣ್ಣೆ ಹಚ್ಚುವುದು. ಕಾಲು ನಾಲ್ಕನ್ನೂ ಸಮನಾಗಿ ಊರಿ ನಿಲ್ಲಲು, ತುಟಿ ಎತ್ತಿದರೆ ಹಲ್ಲು ತೋರಿಸಲು ಕಲಿಸಿದ. ಮೈಕಿನ ಗದ್ದಲಕ್ಕೆ ಬೆದರಬಾರದೆಂದು ನನ್ನ ಮೊಬೈಲು ಕಸಿದುಕೊಂಡು ಅದರ ಕಿವಿ ಹತ್ತಿರ ಮದುವೆ ಬ್ಯಾಂಡು ಹಚ್ಚುತ್ತಿದ್ದ. ನನ್ನ ಮದುವೆಗೂ ನೀನು ಇಷ್ಟು ಬಡಿದಾಡಲಿಲ್ಲ ಬಿಡು ಎಂದೆ. ಬಹಳ ತಿಂಗಳ ಮೇಲೆ ಅಪ್ಪ ನಕ್ಕ.

ಎಲ್ಲವನ್ನೂ ಕಲಿತ ಹೋರಿ ಒಂದರಲ್ಲಿ ಮಾತ್ರ ಸೋತಿತು. ಪ್ರದರ್ಶನದಲ್ಲಿ ನಂಬರ್ ಕೊಡುವವರು ತಾವೇ ಹಗ್ಗ ಹಿಡಿದು ಒಂದು ಸುತ್ತು ನಡೆಸುತ್ತಾರೆ. ಆಗ ಜಗ್ಗಿದರೆ, ಬೆದರಿದರೆ ಮುಗಿಯಿತು. ಇದೋ, ಅಪ್ಪನನ್ನು ಬಿಟ್ಟು ಹೆಜ್ಜೆ ಕಿತ್ತಿಡದು. ಅದಕ್ಕೆ ಅಪ್ಪ ದಾರಿಹೋಕರನ್ನೆಲ್ಲ ನಿಲ್ಲಿಸಿ ಹಗ್ಗ ಕೊಡತೊಡಗಿದ: ಹಾಲಿನ ಗಾಡಿಯವನಿಗೆ, ಕಬ್ಬು ಕಡಿಯುವ ಹೆಂಗಸರಿಗೆ, ಕೊನೆಗೆ ನನಗೂ. ನನ್ನ ಪುಣೆಯ ಪೌಡರ್ ವಾಸನೆ ಅದಕ್ಕೆ ರೂಢಿಯಾಗಬೇಕಂತೆ! ಹಗ್ಗ ಕೊಟ್ಟು ಅವನು ಕಬ್ಬಿನೊಳಗೆ ಅಡಗುತ್ತಿದ್ದ. ಹೋರಿ ನಿಂತಲ್ಲೇ ನಿಂತು, ಕತ್ತು ತಿರುಗಿಸಿ ತಿರುಗಿಸಿ ಅವನನ್ನು ಹುಡುಕಿ, ಕರುವಿನ ಹಾಗೆ ಒದರುತ್ತಿತ್ತು. ಒಂದು ರವಿವಾರ ನನಗೆ ನೋಡಲಾಗಲಿಲ್ಲ. ಸಾಕು, ಹೊರಗೆ ಬಾ, ನಿನಗೇನು ಎದೆ ಕಲ್ಲೇ ಎಂದು ಕೂಗಿಕೊಂಡೆ.

ಅಪ್ಪ ಬರಲಿಲ್ಲ. ಕಬ್ಬಿನೊಳಗಿಂದಲೇ ಸಣ್ಣ ದನಿಯಲ್ಲಿ ಹೇಳಿದ: "ನನ್ನ ಹುಡುಕೂದು ಬಿಡಬೇಕವ್ವ ಅಂವ. ಹುಡುಕಿದ್ರ ನಂಬರ್ ಹೋತು, ಅಂವಾನೂ ಹೋದ."

ಸಂಕ್ರಾಂತಿಯ ಹೊತ್ತಿಗೆ ಹೋರಿ ಹುಡುಕುವುದನ್ನು ಬಿಟ್ಟಿತು. ಯಾರ ಕೈಗೆ ಹಗ್ಗ ಕೊಟ್ಟರೂ ತಲೆ ತಗ್ಗಿಸಿ ನಡೆಯುತ್ತಿತ್ತು. ಅಪ್ಪ ಅದನ್ನು ತೋಟದವರನ್ನೆಲ್ಲ ಕರೆದು ತೋರಿಸಿದ. ಅಂದು ಮಧ್ಯಾಹ್ನ ಮಾತ್ರ ಎರಡು ತುತ್ತು ತಿಂದು ತಾಟು ಸರಿಸಿದ.

ಪ್ರದರ್ಶನದ ದಿನ ಅಂಗಡಿಗೆ ರಜೆ ಹೇಳಿ ಹೋದೆ. ನಂಬರ್ ಕೊಡುವವರು ಹಗ್ಗ ಹಿಡಿದರು. ಹೋರಿ ಅವರ ಹಿಂದೆ ಹೋಯಿತು, ನಿಲ್ಲೆಂದಲ್ಲಿ ನಿಂತಿತು, ಮೈಕಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮೊದಲ ನಂಬರ್! ಯಾರೋ ಅಪ್ಪನ ತಲೆಯ ಪಟಕದ ಮೇಲೆ ಗುಲಾಲು ಎರಚಿದರು. ದನ ಮುಟ್ಟಿದರೆ ಕೈ ತೊಳೆಯುವ ನಾನು ಅದರ ಕೊರಳು ತಬ್ಬಿಕೊಂಡು ಅತ್ತೆ. ಉಳಿಯಿತಲ್ಲ ಎಂದು ಅತ್ತದ್ದು.

ಗುಲಾಲು ಒರೆಸಿಕೊಳ್ಳುವಷ್ಟರಲ್ಲಿ ಮಾಲಕರು ಸಾಂಗಲಿ ಕಡೆಯ ಒಬ್ಬ ಸಾಹುಕಾರರನ್ನು ಕರೆತಂದರು. ವ್ಯವಹಾರ ಮುಗಿದಿತ್ತು. ಅವರು ಕೊಟ್ಟಿದ್ದ ಮಾತನ್ನು ಅಪ್ಪ ನೆನಪಿಸಿದ. ಅದಕ್ಕೆ ಅವರು, ನಂಬರ್ ಬಂದ ದಿನ ಸಿಗುವ ಬೆಲೆ ಮತ್ತೆ ಸಿಗುತ್ತದೆಯೇ, ನಿನಗೆ ಬೇರೆ ಕರು ಕೊಡಿಸುತ್ತೇನೆ ಬಿಡು ಎಂದು ಅವನ ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ನಾಲಿಗೆಗೆ ಬಂದ ಮರಾಠಿಯಲ್ಲೆಲ್ಲ ಅವರನ್ನು ಝಾಡಿಸಿದೆ. ಸುತ್ತ ಜನ ಸೇರಿದರು. ಮಾಲಕರು ನನ್ನ ಕಡೆ ನೋಡಲೂ ಇಲ್ಲ, ಮಗಳನ್ನು ಮನೆಗೆ ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಹೇಳಿದರು. ಅಪ್ಪ ನನ್ನ ರಟ್ಟೆ ಹಿಡಿದುಕೊಂಡ.

ಲಾರಿ ಹಿಮ್ಮುಖವಾಗಿ ಬಂದು ನಿಂತಿತು. ನಾನೇ ಹತ್ತಿಸಿ ಕೊಡುತ್ತೇನೆ ಎಂದು ಅಪ್ಪ ಕೇಳಿಕೊಂಡ. ಬೇಡ, ಯಾರ ಜೊತೆಗಾದರೂ ಬರುತ್ತದಲ್ಲ, ಅದಕ್ಕೇ ನಾನು ಇದನ್ನು ಮೆಚ್ಚಿದ್ದು ಎಂದರು ಸಾಹುಕಾರರು, ಒಳ್ಳೆಯ ಮನಸ್ಸಿನಿಂದಲೇ. ಹಗ್ಗ ಅವರ ಕೈಗೆ ಹೋಯಿತು. ಹೋರಿ ಹೊರಟಿತು. ಅಪ್ಪ ಲಾರಿಗೆ ಒರಗಿಸಿದ ಹಲಗೆಯ ಪಕ್ಕದಲ್ಲೇ, ಅದರ ಕಣ್ಣಿಗೆ ಬೀಳುವಂತೆ ನಿಂತಿದ್ದ. ಅದು ಅವನ ತೋಳಿಗೆ ಮೈ ತಾಗಿಸಿಕೊಂಡೇ ದಾಟಿ ಮೇಲೆ ಹತ್ತಿತು. ಕತ್ತು ತಿರುಗಿಸಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅವ್ವ ಅದನ್ನು ಕರೆಯುತ್ತಿದ್ದ ಹಾಗೆ ಕರೆಯಲು ಬಾಯಿ ತೆರೆದೆ. ಅಪ್ಪ ತಟ್ಟನೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

"ಕರೀಬ್ಯಾಡವ್ವ. ಈಗ ಹುಡುಕಾಕ ಹತ್ತಿದ್ರ ಅಂವಗ ಅಲ್ಲಿ ಯಾರ ಅದಾರ?"

ಲಾರಿ ಗೇಟು ದಾಟುವವರೆಗೂ ಅವನು ಕೈ ತೆಗೆಯಲಿಲ್ಲ. ಆಮೇಲೆ, ಅವ್ವ ಹೋದ ದಿನವೂ ಒಂದು ಹನಿ ಕಣ್ಣೀರು ಹಾಕದಿದ್ದ ನನ್ನ ಅಪ್ಪ, ಅಷ್ಟು ಜನರ ನಡುವೆ ನೆಲಕ್ಕೆ ಕುಸಿದು ಹೋ ಎಂದು ಅತ್ತ.