ಒರೆಸಪ್ಪನ ಇನ್ನೊಂದು ಹೆಸರು

ಮಗುವನ್ನು ಹೂವು, ಬೆಣ್ಣೆ, ಮುತ್ತು ಎಂದೆಲ್ಲ ಕರೆಯುವವರು ಜನ್ಮದಲ್ಲಿ ಒಂದು ಮಗುವಿನ ಮೂಗನ್ನೂ ಒರೆಸಿದವರಲ್ಲ. ಒರೆಸಿದ್ದರೆ ಬಾಯಿಗೆ ಬಂದದ್ದನ್ನು ಹಾಗೆ ಹೇಳುತ್ತಿರಲಿಲ್ಲ. ಎರಡು ವರ್ಷದ ಮಗು ಎಂದರೆ ಮೇಲೂ ಸೋರುವ, ಕೆಳಗೂ ಸೋರುವ, ಮುಟ್ಟಿದಲ್ಲೆಲ್ಲ ಅಂಟುವ ಒಂದು ಜೀವ. ಇದು ನಮ್ಮ ಕನ್ನಡಕದ ಅಂಗಡಿಯವನ ಅಭಿಪ್ರಾಯ. ಹೆಂಡತಿಗೆ ಹೆದರಿ ಅವನು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಬೀದಿಯವರು ಅವನನ್ನು ಒರೆಸಪ್ಪ ಎನ್ನುತ್ತಿದ್ದರು. ಅವನ ಹೆಗಲ ಮೇಲೆ ಸದಾ ಒಂದು ಹಳದಿ ಬಟ್ಟೆ. ಅಂಗಡಿಯಲ್ಲಿ ಎಲ್ಲಿ ನೋಡಿದರೂ ಗಾಜು: ಮುಂದೆ ಗಾಜಿನ ಕೌಂಟರು, ಹಿಂದೆ ಗಾಜಿನ ಕಪಾಟು, ಗೋಡೆಗೆ ಆಳೆತ್ತರದ ಕನ್ನಡಿ. ಬಂದ ಗಿರಾಕಿಗಳೋ, ಕೌಂಟರಿನ ಮೇಲೆ ಮೊಣಕೈ ಊರಿ, ಕನ್ನಡಿಗೆ ಮೂಗು ತಾಗಿಸಿ ಫ್ರೇಮು ಹಾಕಿ ನೋಡುವ ಜನ. ಅವರು ಮೆಟ್ಟಿಲು ಇಳಿಯುವುದರೊಳಗೆ ಅವರ ಗುರುತೇ ಇಲ್ಲದಂತೆ ಅವನು ಎಲ್ಲ ಒರೆಸಿ ಮುಗಿಸಿರುತ್ತಿದ್ದ. ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿರಲಿಲ್ಲ. ಹಿಡಿಯದೆ ಒಮ್ಮೆ ದಪ್ಪನೆಯ ಒಬ್ಬರ ಮಡಿಲಿಗೆ ಹೋಗಿ ಬಿದ್ದು, ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದ್ದ. ಯಾರಾದರೂ ಕೈ ಕುಲುಕಿದರೆ ಆ ಕೈಯನ್ನು ತೊಳೆಯುವ ತನಕ ಅದು ಬೇರೆಯವರ ಕೈ ಎಂಬಂತೆ ಮೈಯಿಂದ ದೂರ ಹಿಡಿದಿರುತ್ತಿದ್ದ. ಬೇರೆಯವರು ಮಾತುಮಾತಿಗೆ ಅಯ್ಯೋ ಎನ್ನುವಂತೆ ಅವನು ಛೀ ಎನ್ನುತ್ತಿದ್ದ. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಉಸಿರಿನ ಜೊತೆ ಬರುತ್ತಿತ್ತು.

ಇಂಥವನಿಗೆ ಒಬ್ಬ ಮಗಳು ಹುಟ್ಟಿದಳು. ಹೆಂಡತಿ ದೊಡ್ಡಾಸ್ಪತ್ರೆಯ ನರ್ಸು. ಹಗಲೆಲ್ಲ ರಕ್ತ, ಕೀವು, ಇನ್ನೂ ಏನೇನೋ ನೋಡಿ, ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡುವ ಹೆಂಗಸು. ಯಾವುದಕ್ಕೂ ಅವಳ ಮೂಗು ಸೊಟ್ಟಗಾದದ್ದನ್ನು ಯಾರೂ ಕಂಡಿಲ್ಲ. ಹಗಲು ಮಗುವನ್ನು ಅವಳ ಅಮ್ಮ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಒರೆಸಪ್ಪ ಮೊದಲ ವರ್ಷವನ್ನು ಉಪಾಯವಾಗಿ ಕಳೆದ. ಸ್ನಾನ ಮಾಡಿಸಿ ಪುಡಿ ಹಾಕಿ ಕೊಟ್ಟಾಗ ಎತ್ತಿಕೊಳ್ಳುವುದು, ಹೊಟ್ಟೆಯಲ್ಲಿ ಸಣ್ಣ ಸದ್ದಾದರೂ ವಾಪಸ್ಸು ಕೊಟ್ಟುಬಿಡುವುದು. ಪ್ರೀತಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು, ಆದರೆ ತೊಳೆದ ಮಗುವಿನ ಮೇಲೆ ಮಾತ್ರ.

ಮಗುವಿಗೆ ಮಾತು ಬಂತು. ಅಮ್ಮ ಬಂತು, ಅಜ್ಜಿ ಬಂತು, ಹಾಲಿಗೆ ಆಲು, ಫ್ಯಾನಿಗೆ ಗಾಯಿ, ಬೇಕರಿಯವನ ಬೆಕ್ಕಿಗೆ ಮಿಯಾಂ. ಅಪ್ಪ ಮಾತ್ರ ಬರಲಿಲ್ಲ. ಒರೆಸಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು, ಮೊದಲು ಅವಳ ಮುಖ ಒರೆಸಿ, ಬಾಯಿಯನ್ನು ಅಗಲವಾಗಿ ತೆರೆದು ಅ, ಪ್ಪ ಎಂದು ಬಿಡಿಸಿ ಹೇಳಿಕೊಟ್ಟ. ಅವಳು ಆ ತೆರೆದ ಬಾಯಿಯನ್ನೇ ಬಹಳ ಶ್ರದ್ಧೆಯಿಂದ ನೋಡಿದಳು. ಆಮೇಲೆ ಅದರೊಳಕ್ಕೇ ಸೀನಿದಳು.

"ಛೀ," ಎಂದ ಒರೆಸಪ್ಪ.

"ಛೀ," ಎಂದಳು ಮಗಳು, ಚಪ್ಪಾಳೆ ತಟ್ಟಿ.

ಅಂದಿನಿಂದ ಅವನನ್ನು ಕಂಡರೆ ಸಾಕು, ಛೀ. ಸಂಜೆ ಅಂಗಡಿ ಮುಚ್ಚಿ ಬಂದು ಬಾಗಿಲು ತೆರೆದರೆ ಛೀ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೂತರೆ ಛೀ. ಕಾಸಿನ ಬೆಲೆಯಿಲ್ಲದ ಬೀದಿಯ ಪೋಲಿಗಳೆಲ್ಲ ಬಾಯಿಮಾತಿಗೆ ತನ್ನನ್ನು ಅಪ್ಪ ಅಪ್ಪ ಎಂದು ಕರೆಯುತ್ತಾರೆ, ಹೆತ್ತ ಮಗಳಿಗೆ ತನ್ನನ್ನು ಕಂಡರೆ ಅಸಹ್ಯ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ. ಅವಳು ನಕ್ಕಳು. ನೀವು ದಿನಾ ಕೊಡೋದನ್ನೇ ಅವಳು ವಾಪಸ್ ಕೊಡ್ತಿದ್ದಾಳೆ, ಅದಕ್ಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡ್ರೆ ಹೇಗೆ ಎಂದಳು. ನಗುವ ಮಾತೇ. ಆದರೆ ಅವನು ನಗಲಿಲ್ಲ. ಒಂದೇ ಒಂದು ಸಲ ಅವಳ ಬಾಯಲ್ಲಿ ಅಪ್ಪ ಎನಿಸಿಕೊಳ್ಳಬೇಕು ಎಂಬ ಆಸೆ ಅವನಿಗೆ ಹಲ್ಲುನೋವಿನ ಹಾಗೆ ಹಿಡಿದುಕೊಂಡಿತು.

ಇಷ್ಟರಲ್ಲಿ ಅತ್ತೆ ಜಾರಿ ಬಿದ್ದರು. ಜಾರಿದ್ದು ಬೇರೆಲ್ಲೂ ಅಲ್ಲ, ಅವನೇ ಮಂಡಿಯೂರಿ ಉಜ್ಜಿ ಫಳಫಳ ಮಾಡಿದ್ದ ಬಚ್ಚಲುಮನೆಯ ನೆಲದಲ್ಲಿ. ಪಾದ ಕುಂಬಳಕಾಯಿಯಷ್ಟು ಊದಿತು. ಡಾಕ್ಟರು ಮಂಚ ಬಿಟ್ಟು ಇಳಿಯಬಾರದು ಎಂದರು. ಹೆಂಡತಿಗೆ ರಜ ಸಿಗಲಿಲ್ಲ. ಅವನು ಯಾರನ್ನೂ ಬೈಯುವಂತಿರಲಿಲ್ಲ. ಬೆಳಿಗ್ಗೆ ಅವಳು ಒಂದು ಚೀಲ ತುಂಬಿಸಿ, ಮಗುವನ್ನು ಅವನ ಸೊಂಟಕ್ಕೆ ಏರಿಸಿದಳು.

"ಒರೆಸ್ತಾ ಕೂತ್ಕೋಬೇಡಿ," ಎಂದಳು. "ನೀವು ಗಾಜು ನೋಡ್ತಾ ಇದ್ರೆ ಅವಳು ಕೈಗೆ ಸಿಗಲ್ಲ."

ಮೊದಲ ದಿನವೇ ಮಗಳು ಆಳೆತ್ತರದ ಕನ್ನಡಿಯನ್ನು ನೆಲದಿಂದ ತನ್ನ ಎತ್ತರದ ತನಕ ನೆಕ್ಕಿ ಮುಗಿಸಿದಳು. ಅಲ್ಲಿದ್ದ ಇನ್ನೊಂದು ಮಗುವಿಗೆ ಮುತ್ತು ಕೊಡುತ್ತಿದ್ದಳೋ ಏನೋ. ಅವನು ಎಂಜಲು ಒರೆಸುತ್ತಿರುವಾಗ ಆ ಕಡೆ ಚೀಲದಲ್ಲಿದ್ದ ಬಾಳೆಹಣ್ಣು ಮಾಯವಾಯಿತು. ತಿಂದಳು ಅಂದುಕೊಂಡ. ಕನ್ನಡಕದ ಡಬ್ಬಿಗಳು ಟಕ್ಕೆಂದು ಮುಚ್ಚುವ ಸದ್ದು ಅವಳಿಗೆ ಬಹಳ ಇಷ್ಟ. ಒಂದೊಂದನ್ನೇ ತೆರೆದು, ಒಳಗೆ ಒಂದಿಷ್ಟು ಹಣ್ಣು ಮೆತ್ತಿ, ಟಕ್ಕೆಂದು ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟಿದ್ದಳು. ಅದು ಗೊತ್ತಾದದ್ದು ಎರಡು ದಿನ ಕಳೆದ ಮೇಲೆ, ನಿವೃತ್ತ ಮೇಷ್ಟ್ರೊಬ್ಬರು ಹೊಸ ಕನ್ನಡಕವನ್ನು ಡಬ್ಬಿಯಲ್ಲಿಡಲು ಹೋದಾಗ. ಒಳಗಿದ್ದದ್ದು ಕಪ್ಪಾಗಿ, ಲೋಳೆಯಾಗಿ, ಸಣ್ಣ ನೊಣಗಳ ಸಂಸಾರವಾಗಿತ್ತು. ಇದೂ ಕನ್ನಡಕದ ಜೊತೆಗೇ ಬರುತ್ತೇನಪ್ಪಾ ಎಂದು ಅವರು ಕೇಳಿದರು.

ಇನ್ನೊಂದು ದಿನ ಒಳಗಿನ ಕತ್ತಲೆ ಕೋಣೆಯಲ್ಲಿ ಬ್ಯಾಂಕಿನ ಮ್ಯಾನೇಜರಮ್ಮನ ಕಣ್ಣು ಪರೀಕ್ಷೆ ನಡೆಯುತ್ತಿತ್ತು. ಅವರು ಬೋರ್ಡಿನ ಅಕ್ಷರ ಓದುತ್ತಿದ್ದಾಗ ಕೋಣೆಯಲ್ಲಿ ವಾಸನೆಯೊಂದು ಎದ್ದಿತು. ಸಾಮಾನ್ಯದ್ದಲ್ಲ, ಕಣ್ಣಲ್ಲಿ ನೀರು ಬರಿಸುವಂಥದು. ಒರೆಸಪ್ಪ ಅದು ಅವರದೆಂದುಕೊಂಡ. ಅವರು ಅದು ಇವನದೆಂದುಕೊಂಡರು. ಇಬ್ಬರೂ ಮರ್ಯಾದಸ್ಥರು. ಉಸಿರು ಬಿಗಿಹಿಡಿದು ಅವನು ಗಾಜು ಬದಲಿಸಿದ, ಉಸಿರು ಬಿಗಿಹಿಡಿದು ಅವರು ಕೊನೆಯ ಸಾಲಿನ ತನಕ ಓದಿದರು. ಆಗ ಕುರ್ಚಿಯ ಕೆಳಗಿನಿಂದ ತೃಪ್ತಿಯ ದನಿಯೊಂದು ಇಶ್ಶಿ ಎಂದಿತು. ಅದನ್ನು ತೊಳೆದ ಕಥೆಯನ್ನು ಇಲ್ಲಿ ಹೇಳುವುದು ಬೇಡ. ಹೆಂಡತಿ ತಂದುಕೊಟ್ಟಿದ್ದ ಕೈಗವಸನ್ನು ಒಂದರ ಮೇಲೊಂದು ಹಾಕಿಕೊಂಡು, ಕಳ್ಳನ ಹಾಗೆ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಅವನು ತೊಳೆದ. ಗೋಡೆ ನೋಡುತ್ತ ತೊಳೆದರೆ ಏನೇನು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಅನಾಹುತವಾದದ್ದು ಮಾತ್ರ ಬರೀ ಹಾಲಿನಿಂದ. ಗಟಗಟ ಕುಡಿದಿದ್ದ ಹಾಲನ್ನು ಮಗಳು ಕೌಂಟರಿನ ಮೇಲೆ ಅಷ್ಟೂ ವಾಂತಿ ಮಾಡಿದಳು. ಒರೆಸಪ್ಪ ಅವಳ ಬಾಯಿ ಒರೆಸಿ, ಕೆಳಗಿಳಿಸಿ, ಗಾಜಿಗೆ ಕೈಹಾಕಿದ. ಹುಳಿ ನಾತ. ಒರೆಸಿದ. ಪಕ್ಕದಿಂದ ನೋಡಿದರೆ ಇನ್ನೂ ಮಬ್ಬು. ಉಸಿರು ಊದಿ ಒರೆಸಿದ. ಬೆಳಕಿಗೆ ಬಗ್ಗಿ ನೋಡಿದರೆ ಮೂಲೆಯಲ್ಲೊಂದು ಗೆರೆ. ಅದನ್ನೂ ಒರೆಸಿ, ಗಾಜಿನಲ್ಲಿ ತನ್ನ ಮುಖ ಚೊಕ್ಕವಾಗಿ ಕಂಡ ಮೇಲೆ ತಲೆ ಎತ್ತಿದ. ಅಂಗಡಿಯಲ್ಲಿ ಮಗು ಇರಲಿಲ್ಲ. ಬಾಗಿಲು ತೆರೆದಿತ್ತು.

ಅವನು ಕತ್ತಲೆ ಕೋಣೆ ನೋಡಿದ, ಕುರ್ಚಿಯ ಕೆಳಗೆ ನೋಡಿದ, ಬೀದಿಗೆ ಹಾರಿದ. ಬಸ್ಸುಗಳು, ಸ್ಕೂಟರುಗಳು. ಆ ಬೀದಿಯಲ್ಲಿ ಅಷ್ಟು ಚಕ್ರಗಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಎದುರಿಗೆ ಬಂದವರ ತೋಳು ಹಿಡಿದು ಹಿಡಿದು ಕೇಳಿದ; ಅವರ ಬೆವರು ಅವನ ಕೈಗೆ ಹತ್ತಿದ್ದು ಗೊತ್ತಾಗಲಿಲ್ಲ. ನಿನ್ನ ಮಗು ನನ್ನ ಬೆಕ್ಕಿನ ಹಿಂದೆ ಹೋಯಿತಲ್ಲ ಎಂದ ಬೇಕರಿಯವನು. ಬೆಕ್ಕು ಎಲ್ಲಿಗೆ ಹೋಯಿತು ಎಂದರೆ, ಬೆಕ್ಕು ಇನ್ನೆಲ್ಲಿಗೆ ಹೋಗುತ್ತದೆ ಎಂದು ಮೀನು ಮಾರ್ಕೆಟ್ಟಿನ ಕಡೆ ಕೈ ತೋರಿಸಿದ.

ಮೀನು ಮಾರ್ಕೆಟ್ಟು ಅಲ್ಲೇ ತಿರುವಿನಲ್ಲಿತ್ತು. ಅಂಗಡಿ ಇಟ್ಟಾಗಿನಿಂದ ಅವನು ಆ ಕಡೆ ಹಾಯ್ದವನಲ್ಲ. ಆ ವಾಸನೆ ತಪ್ಪಿಸಲು ಸುತ್ತುಬಳಸಿ ಮನೆಗೆ ಹೋಗುತ್ತಿದ್ದ. ಈಗ ನುಗ್ಗಿದ. ಕರುಳು, ಹುರುಪೆ, ಕರಗಿದ ಐಸಿನ ಕೆಂಪು ನೀರು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕಾಲು ಜಾರಿ ಮೋರಿಯ ಪಕ್ಕದ ಕೆಸರಿನಲ್ಲಿ ಉದ್ದಕ್ಕೆ ಬಿದ್ದ. ಬಾಯಿಗೂ ಹೋಯಿತು. ಉಗಿದು ಎದ್ದು ಓಡಿದ.

ಕೊನೆಯ ಕಟ್ಟೆಯ ಹತ್ತಿರ ಗುಂಪು ಕೂಡಿತ್ತು. ನಡುವೆ ದೊಡ್ಡ ಮೈಕಟ್ಟಿನ ಮೀನಿನವಳ ಸೊಂಟದ ಮೇಲೆ ಅವನ ಮಗಳು. ಕೆನ್ನೆ ತುಂಬ ಹುರುಪೆ, ಕೈಯಲ್ಲೊಂದು ಮೀನಿನ ಬಾಲ. ಅದನ್ನು ಚೀಪುತ್ತ, ನಡುನಡುವೆ ನಿಲ್ಲಿಸಿ ಅಳುತ್ತಿದ್ದಳು. ಅವನನ್ನು ಕಂಡದ್ದೇ ಎರಡೂ ಕೈ ಮುಂದೆ ಚಾಚಿ ಕಿರುಚಿದಳು.

"ಛೀ!"

ನನ್ನ ಮಗಳು ಎಂದು ಅವನು ಕೈ ನೀಡಿದ. ಮೀನಿನವಳು ಒಂದು ಹೆಜ್ಜೆ ಹಿಂದೆ ಸರಿದಳು. ಗುಂಪಿನಲ್ಲಿ ಯಾರೋ ಕೊಡಬೇಡ ಕಣಮ್ಮ ಎಂದರು. ತಲೆಯಿಂದ ಕಾಲಿನವರೆಗೆ ಮೋರಿ ಸುರಿಯುತ್ತಿರುವ, ಬಾಯಿಂದ ಕೆಸರು ಉಗಿಯುವ ಒಬ್ಬ ಗಂಡಸನ್ನು ಯಾರು ನಂಬಿಯಾರು?

"ನಿಮ್ಮನ್ನ ನೋಡಿದ ತಕ್ಷಣ ಛೀ ಅಂತಿದೆ ಮಗು," ಎಂದಳು ಮೀನಿನವಳು. "ಅಪ್ಪನ್ನ ನೋಡಿ ಯಾವ ಮಗುವಾದ್ರೂ ಛೀ ಅನ್ನುತ್ತಾ?"

ಅವನು ಎಷ್ಟೋ ತಿಂಗಳಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ. ಮೀನಿನವಳು ಗುಂಪಿನ ಕಡೆ ತಿರುಗಿ ಹೇಳತೊಡಗಿದಳು.

"ಬಂದಾಗಿಂದ ಒಂದೇ ಮಾತು ಇದಕ್ಕೆ. ಅಮ್ಮ ಎಲ್ಲಿ ಅಂದ್ರೆ ಟಾಟಾ ಮಾಡುತ್ತೆ. ಅಪ್ಪ ಎಲ್ಲಿ ಅಂದ್ರೆ ಛೀ ಛೀ ಅಂತ ಬಂದ ದಾರಿ ಕಡೆ ನೋಡ್ಕೊಂಡು ಅಳುತ್ತೆ. ನನ್ನ ಮೀನಿಗೆ ಛೀ ಅಂತಿದೆ ಅಂದ್ಕೊಂಡು ನನಗೂ ಮೊದ್ಲು ಸಿಟ್ಟು ಬಂದಿತ್ತು."

ಒರೆಸಪ್ಪ ನಿಂತಲ್ಲೇ ನಿಂತ. ಬಾಗಿಲು ತೆರೆದಾಗ ಛೀ. ಹಾಸಿಗೆಯಿಂದ ಎದ್ದಾಗ ಛೀ. ಹಾಲಿಗೆ ಆಲು, ಬೆಕ್ಕಿಗೆ ಮಿಯಾಂ. ಎಲ್ಲದಕ್ಕೂ ಹೆಸರಿಟ್ಟ ಮಗು ಅವನನ್ನೂ ಬಿಟ್ಟಿರಲಿಲ್ಲ. ಮಿಯಾಂ ಎನ್ನುವುದು ಬೆಕ್ಕಾದರೆ, ದಿನವಿಡೀ ಛೀ ಎನ್ನುವುದು ಯಾವುದು?

"ಅದು ನಾನೇ ಅಕ್ಕಾ," ಎಂದ. "ಛೀ ಅಂದ್ರೆ ನಾನೇ."

ಗುಂಪು ಬಿದ್ದು ಬಿದ್ದು ನಕ್ಕಿತು. ಮೀನಿನವಳು ನಗಲಿಲ್ಲ. ಮಗುವಿನ ಗಲ್ಲ ಹಿಡಿದು, ಛೀ ಎಲ್ಲಿದೆ ತೋರಿಸು ಪುಟ್ಟಿ ಎಂದಳು. ಮಗಳು ಮೀನಿನ ಬಾಲವನ್ನು ನೇರ ಅವನ ಮೂಗಿಗೆ ಚುಚ್ಚಿ ತೋರಿಸಿದಳು. ಹಾಗೇ ಅವನ ಕತ್ತಿಗೆ ಜಿಗಿದು, ಮುಖವನ್ನು ಅವನ ಕಾಲರಿನಲ್ಲಿ ಹುದುಗಿಸಿ, ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ಮೂಗು ಒರೆಸಿಕೊಂಡಳು. ಅವನು ಅವಳನ್ನು ಬಿಗಿಯಾಗಿ ಅಪ್ಪಿಕೊಂಡ. ಅಪ್ಪಿಕೊಂಡೇ ಕಟ್ಟೆಯ ಹಿಂದೆ ಹೋಗಿ ವಾಂತಿ ಮಾಡಿದ. ಬಾಯಿ ಮುಕ್ಕಳಿಸಲು ಮೀನಿನವಳೇ ನೀರು ಕೊಟ್ಟಳು; ಆ ಚೊಂಬನ್ನು ನೋಡಿ ಅವನು ಇನ್ನೊಂದು ಸಲ ವಾಂತಿ ಮಾಡಿದ.

ಸಂಜೆ ಬಾಗಿಲು ತೆರೆದ ಹೆಂಡತಿ ಇಬ್ಬರನ್ನೂ ನೋಡಿ, ಗಾಳಿ ಮೂಗಿಗೆ ಬಡಿದದ್ದೇ, ಜೀವಮಾನದಲ್ಲಿ ಮೊದಲ ಸಲ ಮುಖ ಸಿಂಡರಿಸಿ ಛೀ ಎಂದಳು. ಮಗಳಿಗೆ ಖುಷಿಯೋ ಖುಷಿ. ಅಮ್ಮನೂ ಕಡೆಗೆ ಹೆಸರು ಕಲಿತಳಲ್ಲ ಎನ್ನುವ ಹಾಗೆ ಅಪ್ಪನ ಎದೆ ತಟ್ಟಿ ತೋರಿಸಿದಳು.

ಅಂದಿನಿಂದ ಅವನು ಆ ಹೆಸರಿಗೆ ಓಗೊಡತೊಡಗಿದ. ಗಿರಾಕಿಗಳ ಎದುರು ಛೀ ಎಂದು ಕರೆದರೂ ನಾಚಿಕೆಯಿಲ್ಲದೆ ಬಂದೆ ಕಂದ ಎನ್ನುತ್ತಿದ್ದ. ಒರೆಸುವುದೇನೂ ಬಿಡಲಿಲ್ಲ, ಅಸಹ್ಯವೂ ಒಂದೆಳೆಯಷ್ಟೂ ಕಡಿಮೆಯಾಗಲಿಲ್ಲ. ಕೈಗವಸು ಹಾಕಿಕೊಂಡೇ ತೊಳೆಯುತ್ತಿದ್ದ, ಆದರೆ ಗೋಡೆಯ ಕಡೆ ನೋಡುತ್ತಿರಲಿಲ್ಲ. ಬಾಗಿಲಿಗೆ ಒಂದು ಚಿಲಕ ಹಾಕಿಸಿದ. ಅತ್ತೆಯ ಕಾಲು ವಾಸಿಯಾದ ಮೇಲೂ ಮಗುವನ್ನು ಆಗಾಗ ತಾನೇ ಅಂಗಡಿಗೆ ಒಯ್ಯುತ್ತಿದ್ದ, ಯಾಕೆ ಎಂದರೆ ಅತ್ತೆಗೆ ಸುಸ್ತು ಎನ್ನುತ್ತಿದ್ದ.

ಒಂದು ಮಧ್ಯಾಹ್ನ, ಹೆಂಡತಿಗೆ ರಜ ಇದ್ದ ದಿನ, ಅವಳು ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಅವನು ಕಪಾಟಿಗೆ ಮುಖ ಮಾಡಿ ಗಾಜು ಒರೆಸುತ್ತಿದ್ದ. ಮಗಳು ಅವನ ಹಿಂದೆ ಸ್ಟೂಲಿನ ಪಕ್ಕ ನಿಂತಿದ್ದಳು. ಯಾರೋ ಅಪ್ಪ ಅಪ್ಪ ಎನ್ನುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು. ಆ ಬೀದಿಯಲ್ಲಿ ಅವನನ್ನು ಹಾಗೆ ಕರೆಯುವವರಿಗೆ ಬರವಿರಲಿಲ್ಲ. ಅವನು ತಿರುಗದೆ ಒರೆಸುತ್ತಲೇ ಇದ್ದ.

"ರೀ," ಎಂದಳು ಹೆಂಡತಿ. "ಅವಳು ಆಗಿಂದ ಅಪ್ಪ ಅಪ್ಪ ಅಂತ ಕರೀತಿದ್ದಾಳೆ. ಕೇಳಿಸ್ತಾ ಇಲ್ವಾ?"

ಅವನ ಕೈಯಿಂದ ಬಟ್ಟೆ ಬಿತ್ತು. ಒರೆಸದೆ, ನೋಡದೆ, ಸ್ಟೂಲಿನ ಮೇಲೆ ಕುಳಿತುಬಿಟ್ಟ. ಇನ್ನೊಂದು ಸಲ ಹೇಳು ಕಂದ, ಇನ್ನೊಂದೇ ಸಲ ಎಂದು ಅಂಗಲಾಚಿದ. ಮಗಳು ಅವನ ಮುಖ ನೋಡಲಿಲ್ಲ. ಸ್ಟೂಲಿನ ಅಂಚಿನಲ್ಲಿ, ತಾನೇ ಅಲ್ಲಿ ಮೆತ್ತಿದ್ದ, ಈಗ ಅವನ ಪ್ಯಾಂಟಿನ ಅಡಿಯಿಂದ ಹಿಸುಕಿಹೋಗಿ ಹೊರಬರುತ್ತಿದ್ದ ಬಾಳೆಹಣ್ಣಿಗೆ ಬೆರಳು ಮಾಡಿ, ಥೇಟ್ ಅವನದೇ ಮುಖ ಮಾಡಿ, ಮೂಗು ಸೊಟ್ಟಗೆ ಮಾಡಿ, ಛೀ ಎಂದಳು.

ಅಭ್ಯಾಸಬಲದಿಂದ ಅವನು ಏನು ಕಂದ ಎಂದ. ಅವಳು ಕರೆದದ್ದು ಅವನನ್ನಲ್ಲ.